ಕಪಾಟಿನಲ್ಲಿಟ್ಟ ಆ ನಿಕಾಹ್ ಕಾರ್ಡ್

ನಮ್ಮ ಮದ್ರಸದ ಕಪಾಟಿನಲ್ಲಿ ಒಂದು ಹಳೆಯ ನಿಕಾಹ್ ಕಾರ್ಡ್ ಇದೆ. ಅದರ ತಲೆಯ ಮೇಲೆ ಬಿಸ್ಮಿಲ್ಲಾಹ್ ಇರಬೇಕಿತ್ತು. ಇರುವುದು ಒಂದಕ್ಕೊಂದು ಸೇರದ ಬಿಡಿ ಅಕ್ಷರಗಳು, ಅದೂ ಎಡದಿಂದ ಬಲಕ್ಕೆ! ಡಿಸೈನ್ ಮಾಡಿದ್ದು ಬೇರೆ ಯಾರೂ ಅಲ್ಲ, ದಿನಾ ಮಕ್ಕಳಿಗೆ ಅಲಿಫ್, ಬಾ ಕಲಿಸುವ ನಾವೇ.

ಪಾಠ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಸ್ವಂತವಾಗಿ ಡಿಸೈನ್ ಕಲಿಯುತ್ತಿದ್ದ ದಿನಗಳವು. ಜಮಾಅತ್‌ನ ಒಬ್ಬರು ಮಗಳ ಮದುವೆಯ ಕಾರ್ಡನ್ನು ನಂಬಿಕೆಯಿಂದ ನಮಗೆ ಒಪ್ಪಿಸಿದರು. ಕೊನೆಯ ಗಳಿಗೆಯಲ್ಲಿ ಪ್ರೆಸ್ಸಿನಲ್ಲೇ ಕೂತು, ಬಿಸ್ಮಿಲ್ಲಾಹ್ ಅನ್ನು ವರ್ಡ್‌ನಿಂದ ಕಾಪಿ ಮಾಡಿ ಹಾಕಿದೆವು. ಹೆಸರು ನೋಡಿದೆವು, ತಾರೀಕು ನೋಡಿದೆವು, ಹಾಲ್ ನೋಡಿದೆವು. ಬಾಯಿಪಾಠ ಇದ್ದದ್ದನ್ನು ಮಾತ್ರ ನೋಡಲಿಲ್ಲ. ಗೊತ್ತಿರುವುದನ್ನು ಕಣ್ಣು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ.

ಕಾರಣ ಆಮೇಲೆ ತಿಳಿಯಿತು. ಅರಬಿಯ ಅಕ್ಷರ ಪದದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಹಳೆಯ ಎಷ್ಟೋ ಡಿಸೈನ್ ಸಾಫ್ಟ್‌ವೇರ್‌ಗಳಿಗೆ ಆ ಜೋಡಣೆ ಗೊತ್ತಿಲ್ಲ. ಹೊಸದರಲ್ಲಿಯೂ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಇದೇ ಕಥೆ.

ಹುಡುಗಿಯ ತಂದೆ ಬೈಯಲಿಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದು, 'ಉಸ್ತಾದ್, ಇದನ್ನು ಹೇಗೆ ಮನೆಮನೆಗೆ ಕೊಡುವುದು?' ಎಂದರು, ಅಷ್ಟೇ. ಬೈದಿದ್ದರೆ ಸುಲಭವಿತ್ತು. 300 ಕಾರ್ಡುಗಳನ್ನು ನಮ್ಮ ಸಂಬಳದಿಂದ ಮತ್ತೆ ಪ್ರಿಂಟ್ ಮಾಡಿಸಿದೆವು. ಆ ತಿಂಗಳು ಮನೆಯಲ್ಲಿ ಮೀನಿನ ಸಾರು ಕಡಿಮೆಯಾಯಿತು, ಬುದ್ಧಿ ಸ್ವಲ್ಪ ಜಾಸ್ತಿಯಾಯಿತು.

ತಪ್ಪು ಅಲ್ಲಿಗೇ ನಿಂತಿತಾ? ಇಲ್ಲ. ಮಿಲಾದ್ ಕಾರ್ಯಕ್ರಮದ ಪೋಸ್ಟರನ್ನು ನುಡಿ ಫಾಂಟಿನಲ್ಲಿ ಮಾಡಿ ಕಳಿಸಿದೆವು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು. ಅಂದಿನಿಂದ ಫೈಲ್ ಕೊಡುವ ಮೊದಲು ಅಕ್ಷರಗಳನ್ನು ಕರ್ವ್ಸ್‌ಗೆ ಬದಲಾಯಿಸುತ್ತೇವೆ. ಹಾಗೆ ಮಾಡಿದರೆ ಅಕ್ಷರ ಚಿತ್ರದಂತೆ ಗಟ್ಟಿಯಾಗುತ್ತದೆ, ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಆದರೆ ಮತ್ತೆ ತಿದ್ದಲಿಕ್ಕಾಗುವುದಿಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಬೇಕು.

ಇನ್ನೊಮ್ಮೆ ಪರದೆಯಲ್ಲಿ ಹೊಳೆಯುತ್ತಿದ್ದ ಹಸಿರು ಕಾಗದದ ಮೇಲೆ ಬಾಡಿದ ಬಾಳೆ ಎಲೆಯಂತೆ ಬಂತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಪ್ರೆಸ್ ಶಾಯಿಯಿಂದ ಮಾಡುತ್ತದೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಬೆಳಕು ಕೊಡುವ ಎಲ್ಲ ಬಣ್ಣವನ್ನೂ ಶಾಯಿ ಕೊಡಲಾರದು. ಪ್ರಿಂಟಿನ ಕೆಲಸವನ್ನು ಮೊದಲಿನಿಂದಲೇ ಸಿಎಂವೈಕೆಯಲ್ಲಿ ಮಾಡಿದರೆ ಈ ಪೇಚಾಟವಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ದೊಡ್ಡದು ಮಾಡಿ ಅತಿಥಿಯೊಬ್ಬರ ಮುಖ ಮಸುಕಾದದ್ದೂ ಇದೆ. ಎ4 ಅಳತೆಗೆ 300 ಡಿಪಿಐನಲ್ಲಿ 2480 ಗುಣಿಸು 3508 ಪಿಕ್ಸೆಲ್ ಬೇಕು. ಈಗ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತೇವೆ. ಅಂಚಿನವರೆಗೆ ಬಣ್ಣವಿದ್ದರೆ ಸುತ್ತ 3 ಮಿ.ಮೀ. ಹೆಚ್ಚು ಬಿಡುತ್ತೇವೆ, ಕತ್ತರಿಸುವಾಗ ಬಿಳಿ ಗೆರೆ ಉಳಿಯದಿರಲಿ ಎಂದು.

ಇನ್ನೊಂದು ತಪ್ಪು ಕಂಪ್ಯೂಟರಿನದ್ದಲ್ಲ. ಅಂದಕ್ಕೆಂದು ಫ್ಲೆಕ್ಸಿನಲ್ಲಿ ಆಯತ್ ಹಾಕಿದ್ದೆವು. ಮಳೆಗಾಳಿಗೆ ಅದು ಹರಿದು ಚರಂಡಿಯ ಬದಿಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಬಂದೆವು, ಎದೆ ಭಾರವಾಯಿತು. ಆಮೇಲೆ ನಾವು ಫ್ಲೆಕ್ಸಿನಲ್ಲಿ ಆಯತ್ ಹಾಕಿಲ್ಲ. ಮಾಡಿದ ವಸ್ತು ನಾಳೆ ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಯೋಚಿಸುವುದೂ ಡಿಸೈನಿನ ಭಾಗವೇ.

ಈಗ ನಮ್ಮದು ಒಂದೇ ಕ್ರಮ. ಕಾಗದದಲ್ಲಿ ಒಂದು ಪ್ರತಿ ತೆಗೆದು ಮನೆಯವರ ಕೈಗೆ ಕೊಡುತ್ತೇವೆ. ಕೆಲಸ ಮಾಡಿದವರಲ್ಲದ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ತಾರೀಕಿಗೂ ವಾರಕ್ಕೂ ಹೊಂದುತ್ತದೋ ಎಂದು ಕ್ಯಾಲೆಂಡರ್ ನೋಡಬೇಕು, ಕಾರ್ಡಿನಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಬೇಕು. ಸಹಿ ಬಿದ್ದ ಮೇಲೆಯೇ ಪ್ರೆಸ್ಸಿಗೆ.

ಇದನ್ನೆಲ್ಲ ಈಗ ಬರೆಯಲಿಕ್ಕೆ ಕಾರಣವಿದೆ. ಇತ್ತೀಚೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲೇ ಒಂದು ಬ್ಯಾನರ್ ಮಾಡಿದ. ಊರಿನ ಹೆಸರಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಗ್ರೂಪಿನಲ್ಲಿ ನಗುವ ಇಮೋಜಿಗಳ ಮಳೆ. ಹುಡುಗ ಎರಡು ದಿನ ಹೊರಗೆ ಬರಲಿಲ್ಲ, 'ಇನ್ನು ಈ ಕೆಲಸ ಬೇಡ ಉಸ್ತಾದ್' ಎಂದ. ನಾವು ಕಪಾಟು ತೆರೆದು ಆ ಕಾರ್ಡನ್ನು ಅವನ ಕೈಗಿಟ್ಟೆವು. ಓದಲು ನೋಡಿದ, ಆಗಲಿಲ್ಲ, ನಕ್ಕುಬಿಟ್ಟ. ಮರುದಿನ ತಿದ್ದಿದ ಬ್ಯಾನರ್ ಬಂತು.

ನಮ್ಮ ಮನೆಗಳಲ್ಲಿ ಈಗ ಹುಡುಗಿಯರೂ ಹುಡುಗರೂ ಇಂಥ ಕೆಲಸ ಕಲಿಯುತ್ತಿದ್ದಾರೆ. ತಪ್ಪು ಕಂಡರೆ ಗ್ರೂಪಿನಲ್ಲಿ ಹಾಕಬೇಡಿ, ಅವರಿಗೆ ಮಾತ್ರ ಹೇಳಿ. ನಮ್ಮ ಮಕ್ಕಳೇ ಅಲ್ವಾ ಎಂದು ಪುಕ್ಕಟೆ ಮಾಡಿಸಬೇಡಿ, ಸ್ವಲ್ಪವಾದರೂ ದುಡ್ಡು ಕೊಡಿ. ಮಕ್ಕಳಿಗೆ ಹೇಳುವುದು ಇಷ್ಟೇ: ನಿಮ್ಮ ಮೊದಲ ಕೆಲಸವನ್ನು ಹರಿದು ಬಿಸಾಡಬೇಡಿ. ಮುಂದೆ ಯಾವನೋ ಒಬ್ಬ ಹುಡುಗನಿಗೆ ತೋರಿಸಲಿಕ್ಕೆ ಬೇಕಾಗುತ್ತದೆ.