ಹುಲ್ಲುಗಾವಲಿನ ಸಣ್ಣ ಪತಂಗಕ್ಕೆ ಹೆಸರಿಡುವ ಬಗೆ



ಸಂಜೆ ದೀಪ ಹಚ್ಚಿದ ಕೂಡಲೇ ಅದರ ಸುತ್ತ ಬೂದು ಬಣ್ಣದ ಸಣ್ಣ ಸಣ್ಣ ಹುಳುಗಳು ಬಂದು ಮುತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಅವಕ್ಕೆಲ್ಲ ನಾವು ಇಟ್ಟಿರುವುದು ಒಂದೇ ಹೆಸರು, ‘ದೀಪದ ಹುಳು’. ಅಷ್ಟು ಹೇಳಿ ಸುಮ್ಮನಾಗುತ್ತೇವೆ. ಆದರೆ ಆ ಒಂದು ಹಿಡಿ ಹುಳುಗಳಲ್ಲಿ ಹತ್ತಾರು ಜಾತಿಗಳಿರುವುದುಂಟು. ಒಂದು ಬೆಳೆಯನ್ನು ತಿನ್ನುವುದು, ಇನ್ನೊಂದು ಕಳೆಯನ್ನು ತಿನ್ನುವುದು, ಮತ್ತೊಂದು ಯಾರ ತಂಟೆಗೂ ಬಾರದು. ಇವುಗಳಲ್ಲಿ ಹೊಸ ಜಾತಿಯೊಂದು ಸಿಕ್ಕಿದರೆ ಪಂಡಿತರು ಅದನ್ನು ಹೇಗೆ ಗುರುತಿಸುತ್ತಾರೆ, ಅದರಿಂದ ನಮಗೇನು ಲಾಭ ಎಂಬುದನ್ನು ಈ ವಾರ ವಿಚಾರ ಮಾಡೋಣ.

ಯುಕ್ರೇನಿನಿಂದ ರಷ್ಯದ ದಕ್ಷಿಣ ಭಾಗ ಮತ್ತು ಕಜಾಕ್‌ಸ್ತಾನಗಳನ್ನು ಹಾಯ್ದು ಮಂಗೋಲಿಯದವರೆಗೆ ಸಾವಿರಾರು ಮೈಲಿ ಉದ್ದದ ಹುಲ್ಲುಗಾವಲು ಹರಡಿದೆ. ಇದಕ್ಕೆ ‘ಸ್ಟೆಪಿ’ ಎಂದು ಹೆಸರು. ಅಲ್ಲಿ ಮರ ಅಪರೂಪ. ಚಳಿಗಾಲದಲ್ಲಿ ಹಿಮ ಬೀಳುವುದು, ಬೇಸಿಗೆಯಲ್ಲಿ ಒಣ ಗಾಳಿ ಬೀಸುವುದು. ಹುಲ್ಲಿನ ನಡುವೆ ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ ಗಿಡಗಳೂ, ಚೌಳು ನೆಲದಲ್ಲಿ ಬೀಟ್‌ರೂಟಿನ ಬಳಗದ ಗಿಡಗಳೂ ಬೆಳೆಯುತ್ತವೆ. ಈ ಗಿಡಗಳನ್ನು ನೆಚ್ಚಿ ‘ಸ್ಕ್ರೋಬಿಪಾಲ್ಪ’ ಎಂಬ ಕುಲದ ಸಣ್ಣ ಪತಂಗಗಳು ಬಾಳುತ್ತವೆ. ರೆಕ್ಕೆ ಬಿಚ್ಚಿದರೂ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್, ಎಂದರೆ ಅರ್ಧ ಅಂಗುಲದ ಆಸುಪಾಸು. ಬಣ್ಣ ಮಣ್ಣಿನದು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡಬೇಕಾಗಿಲ್ಲ, ಅಷ್ಟು ಹೋಲಿಕೆ.

ಹೀಗಿರುವಾಗ ಹೊಸದನ್ನು ಕಂಡುಹಿಡಿಯುವುದು ಹೇಗೆ? ರಾತ್ರಿ ಬಯಲಿನಲ್ಲಿ ಬಿಳಿಯ ಬಟ್ಟೆ ಕಟ್ಟಿ ಅದರ ಮುಂದೆ ದೀಪ ಇಡುತ್ತಾರೆ. ಬಟ್ಟೆಯ ಮೇಲೆ ಕುಳಿತ ಪತಂಗವನ್ನು ಹಿಡಿದು, ಕೂದಲಿನಷ್ಟು ತೆಳುವಾದ ಸೂಜಿಗೆ ಚುಚ್ಚಿ, ರೆಕ್ಕೆ ಹರಡಿ ಒಣಗಿಸುತ್ತಾರೆ. ಅದರ ಕೆಳಗೆ ಒಂದು ಚೀಟಿ. ಯಾವ ಊರು, ಯಾವ ದಿನ, ಹಿಡಿದವರು ಯಾರು ಎಂಬುದು ಅದರಲ್ಲಿರಬೇಕು. ಚೀಟಿ ಇಲ್ಲದ ಹುಳು ಸರ್ವೆ ನಂಬರು ಇಲ್ಲದ ಹೊಲದ ಪತ್ರದಂತೆ. ಅದನ್ನು ನಂಬಿ ಏನನ್ನೂ ತೀರ್ಮಾನಿಸಲಾಗದು.

ರೆಕ್ಕೆಯ ಬಣ್ಣ ನಂಬಿಕೆಗೆ ಸಾಲದು. ಹಳೆಯ ಪತಂಗದ ಬಣ್ಣ ಉದುರಿಹೋಗಿರುತ್ತದೆ. ಆದ್ದರಿಂದ ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದ ನೀರಿನಲ್ಲಿ ಮೆದುಗೊಳಿಸಿ, ಜನನಾಂಗದ ಗಟ್ಟಿ ಭಾಗಗಳನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊರಗೆ ಒಂದೇ ರೂಪವಿದ್ದ ಎರಡು ಜಾತಿಗಳು ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. 2003ರಿಂದೀಚೆಗೆ ಜೀವಕೋಶದ ಡಿ.ಎನ್.ಎ.ಯ ಒಂದು ಗೊತ್ತಾದ ತುಣುಕನ್ನು ಓದಿ ತಾಳೆ ನೋಡುವ ಪದ್ಧತಿಯೂ ಬಳಕೆಗೆ ಬಂದಿದೆ.

ಅನಂತರ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಹುಳುಗಳ ಜತೆಗೆ ಹೋಲಿಸಬೇಕು. ಯಾವುದಕ್ಕೂ ತಾಳೆಯಾಗದಿದ್ದರೆ ಆಗ ಅದು ಹೊಸದು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಹಾಕಿಕೊಟ್ಟ ಪದ್ಧತಿಯಂತೆ ಎರಡು ಮಾತಿನ ಹೆಸರಿಡುತ್ತಾರೆ. ಮೊದಲನೆಯದು ಕುಲದ್ದು, ಎರಡನೆಯದು ಜಾತಿಯದು. ಹಿಡಿದ ಹುಳುಗಳಲ್ಲಿ ಒಂದೇ ಒಂದನ್ನು ಆ ಹೆಸರಿನ ಮೂಲಮಾದರಿಯೆಂದು ಗೊತ್ತುಮಾಡಿ ಕಾದಿಡುತ್ತಾರೆ. ಮುಂದೆ ಸಂದೇಹ ಬಂದರೆ ಆ ಒಂದೇ ಹುಳು ಸಾಕ್ಷಿ. ವರ್ಣನೆಯನ್ನು ಪ್ರಕಟಿಸಿದಾಗಲೇ ಹೆಸರು ನಿಲ್ಲುವುದು.

‘ಎಲ್ಲಿಯ ಸ್ಟೆಪಿ, ಎಲ್ಲಿಯ ನಮ್ಮ ಹೊಲ!’ ಎಂದು ಕೆಲವರು ಕೇಳಬಹುದು. ಇದೇ ಸ್ಕ್ರೋಬಿಪಾಲ್ಪ ಕುಲದ ಇನ್ನೊಂದು ಜಾತಿಯೇ ನಮ್ಮಲ್ಲಿ ಹೊಗೆಸೊಪ್ಪಿನ ಕಾಂಡವನ್ನು ಕೊರೆದು ಊದಿಸುವ ಹುಳು. ಆಲೂಗಡ್ಡೆ ಕೊರೆಯುವ ಪತಂಗ, ಹತ್ತಿಯ ಗುಲಾಬಿ ಕಾಯಿಕೊರಕ ಇವೂ ಅದೇ ಮನೆತನದವು. ಟೊಮ್ಯಾಟೊ ಬೆಳೆಗಾರರನ್ನು ಗೋಳಾಡಿಸಿದ ‘ಟುಟಾ’ ಪತಂಗವೂ ಇವರ ದಾಯಾದಿಯೇ.

ಈ ಟುಟಾದ ಕತೆ ಕೇಳುವಂತಹುದು. ಪೆರು ದೇಶದ ಬೆಟ್ಟಸೀಮೆಯಲ್ಲಿ ಸಿಕ್ಕ ಈ ಹುಳುವನ್ನು ಇಂಗ್ಲೆಂಡಿನ ಶಾಲಾ ಉಪಾಧ್ಯಾಯ ಎಡ್ವರ್ಡ್ ಮೇರಿಕ್ 1917ರಲ್ಲಿ ವರ್ಣಿಸಿದನು. ಆಗ ಅದು ಯಾರಿಗೂ ಬೇಡವಾದ ಹುಳು. 2006ರಲ್ಲಿ ಅದು ಸ್ಪೇನಿನಲ್ಲಿ ಕಾಣಿಸಿತು. 2014ರಲ್ಲಿ ಪುಣೆಯ ಕಡೆಯ ಟೊಮ್ಯಾಟೊ ತೋಟಗಳಿಗೆ ಬಂದಿತ್ತು. ಎಲೆಯಲ್ಲಿ ರಂಗೋಲಿ ಹುಳು ಎಳೆಯುವಂತಹ ತೆಳು ಗೆರೆಯಲ್ಲ, ಅಗಲವಾದ ಮಚ್ಚೆ ಬಿದ್ದಿತು. ಕಾಯಿಯಲ್ಲಿ ಸೂಜಿಮೊನೆಯ ತೂತು ಕಾಣಿಸಿತು. ಇದು ಯಾವ ಹುಳು ಎಂದು ಪಂಡಿತರು ತಿಳಿದದ್ದು ಮೇರಿಕ್ ಬರೆದ ವರ್ಣನೆಯೂ ಅವನ ಅನಂತರದವರು ಬಿಡಿಸಿದ ಚಿತ್ರಗಳೂ ಇದ್ದುದರಿಂದ.

ಹೆಸರು ತಿಳಿದರೆ ಮದ್ದು ತಿಳಿಯುತ್ತದೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಸೂಸುವ ವಾಸನೆ ಜಾತಿಜಾತಿಗೂ ಬೇರೆ. ಮೋಹಕ ಬಲೆಯಲ್ಲಿ ಇಡುವುದು ಆ ವಾಸನೆಯನ್ನೇ. ಆಲೂಗಡ್ಡೆ ಪತಂಗದ ವಾಸನೆಯ ಗುಳಿಗೆ ಕಟ್ಟಿ ಟುಟಾಕ್ಕೆ ಕಾಯುತ್ತ ಕುಳಿತರೆ ಬಲೆ ಬರಿದು, ಬೆಳೆಯೂ ಬರಿದು.

ಗಡಿಯಾಚೆಯ ನಮಗಂತೂ ಇದರ ಬೆಲೆ ಇನ್ನೂ ಹೆಚ್ಚು. ಮನೆಯಲ್ಲಿ ಹುಳುವಿಗೆ ಕನ್ನಡದ ಹೆಸರು. ಕೃಷಿ ಇಲಾಖೆಯ ಕರಪತ್ರ ಬರುವುದು ಮರಾಠಿಯಲ್ಲೋ, ತೆಲುಗಿನಲ್ಲೋ, ತಮಿಳು ಮಲಯಾಳಗಳಲ್ಲೋ. ಔಷಧದ ಅಂಗಡಿಯವನು ಹೇಳುವುದು ಮತ್ತೊಂದು. ಈ ಹೆಸರುಗಳ ಗೊಂದಲದಲ್ಲಿ ತಪ್ಪು ಔಷಧ ಹೊಡೆದು ಹಣ ಕಳೆದುಕೊಳ್ಳುವುದು ಸುಲಭ. ಎರಡು ಮಾತಿನ ಆ ಶಾಸ್ತ್ರೀಯ ಹೆಸರಾದರೋ ಯಾವ ಗಡಿ ದಾಟಿದರೂ ಒಂದೇ. ಅಧಿಕಾರಿಯನ್ನು ಆ ಹೆಸರು ಕೇಳಿ ಒಂದು ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ.

ಹೊಲದಲ್ಲಿ ಗುರುತಿಲ್ಲದ ಹುಳು ಕಂಡರೆ ಹೀಗೆ ಮಾಡಬಹುದು. ಪತಂಗವನ್ನು ಒಣಗಿದ ಬೆಂಕಿಪೆಟ್ಟಿಗೆಯಲ್ಲಿ ಮೆತ್ತನೆಯ ಕಾಗದದ ನಡುವೆ ಇಡಿ. ಮರಿಹುಳುವನ್ನು ಅದು ತಿನ್ನುತ್ತಿದ್ದ ಎಲೆಯ ಸಮೇತ ತೂತು ಮಾಡಿದ ಡಬ್ಬಿಯಲ್ಲಿ ಹಾಕಿ. ಊರು, ತಾರೀಖು, ಬೆಳೆ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಅದು ಯಾವುದೆಂದು ತಿಳಿಯುವ ಮುಂಚೆ ಔಷಧ ಹೊಡೆಯಲು ಅವಸರಪಡಬೇಡಿ.

ಕೊನೆಗೆ ಒಂದು ಮಾತು. 1954ರಿಂದ 1960ರ ವರೆಗೆ ಕಜಾಕ್‌ಸ್ತಾನ ಒಂದರಲ್ಲೇ ಸುಮಾರು 2.5 ಕೋಟಿ ಹೆಕ್ಟೇರ್ ಸ್ಟೆಪಿಯನ್ನು ಉತ್ತು ಗೋಧಿ ಬಿತ್ತಿದರು. ಮೊದಮೊದಲು ಬೆಳೆ ಬಂತು. 1960ರ ದಶಕದ ಆರಂಭದಲ್ಲಿ ಗಾಳಿ ಮೇಲ್ಮಣ್ಣನ್ನು ಹೊತ್ತೊಯ್ದಿತು. ಒಂದೇ ಗಿಡವನ್ನು ತಿಂದು ಬಾಳುವ ಪತಂಗಕ್ಕೆ ಆ ಗಿಡ ಹೋದರೆ ಬೇರೆ ಗತಿಯಿಲ್ಲ. ಹೆಸರಿಡುವ ಮುಂಚೆಯೇ ಹೋದದ್ದನ್ನು ಯಾರೂ ಲೆಕ್ಕ ಹಾಕಲಾರರು. ನಮ್ಮ ಊರುಗಳ ಗೋಮಾಳವನ್ನೂ ಹುಲ್ಲಿನ ಬೀಳನ್ನೂ ‘ಕೆಲಸಕ್ಕೆ ಬಾರದ ನೆಲ’ ಎನ್ನುವವರಿದ್ದಾರೆ. ದನಕ್ಕೆ ಮೇವು ಕೊಡುವ ಆ ನೆಲದ ಹುಲ್ಲಿನಲ್ಲಿ ಏನೇನು ಬಾಳುತ್ತಿದೆ ಎಂಬುದನ್ನು ನೋಡಿದ ಮೇಲೆ ನೇಗಿಲು ಹೂಡುವ ಮಾತಾಡೋಣ.