ಇರುಳಿನಲ್ಲಿ ಜ್ವಾಲಾಮುಖಿಯ ದರ್ಶನ

ಜ್ವಾಲಾಮುಖಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಕಂಡವರು ಅನೇಕರು. ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಬೆಂಗಳೂರಿನ ನೆಲ ಅತ್ಯಂತ ಪುರಾತನವೂ ಸ್ಥಿರವೂ ಆದುದು. ಜೆ.ಪಿ. ನಗರಕ್ಕೆ ಅನತಿದೂರದಲ್ಲಿರುವ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇಂತಹ ನೆಲದಲ್ಲಿ ಬಾಳುವ ನಮಗೆ, ಭಾರತದ ಎಲ್ಲೆಯೊಳಗೇ ಸಜೀವ ಜ್ವಾಲಾಮುಖಿಯೊಂದು ಇದೆಯೆಂಬುದು ಸೋಜಿಗವೆನಿಸಬಹುದು. ಅದೇ ಅಂಡಮಾನ್ ಸಮುದ್ರದಲ್ಲಿರುವ ಬ್ಯಾರನ್ ದ್ವೀಪ.

2024ರಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದಲ್ಲಿ ಈ ದ್ವೀಪವಿದೆ. ಇದರ ಅಡ್ಡಳತೆ ಸುಮಾರು 3 ಕಿ.ಮೀ. ಮಾತ್ರ, ಜನವಸತಿ ಇಲ್ಲ. ನಮಗೆ ಕಾಣುವುದು ಕಡಲತಳದಿಂದ ಮೇಲೆದ್ದ ಮಹಾಪರ್ವತವೊಂದರ ಶಿಖರಭಾಗವಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಂತವಾದ ಈ ಗಿರಿ ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಮೌನವಾಗಿದ್ದು, 1991ರಲ್ಲಿ ಮತ್ತೆ ಎಚ್ಚೆತ್ತಿತು. ಅಲ್ಲಿಂದೀಚೆಗೆ ಆಗಾಗ್ಗೆ ಬೆಂಕಿಯುಗುಳುತ್ತಲೇ ಬಂದಿದೆ.

2017ರ ಜನವರಿಯಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ‘ಸಿಂಧು ಸಂಕಲ್ಪ’ ಎಂಬ ನೌಕೆಯಲ್ಲಿ ಇಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಗಿರಿಯು ಬೂದಿಯನ್ನು ಉಗುಳತೊಡಗಿತು. ಸುಮಾರು ಒಂದು ಮೈಲಿ ದೂರದಿಂದ ಅವರು ಅದನ್ನು ವೀಕ್ಷಿಸಿದರು. ಹಗಲಿನಲ್ಲಿ ಬೂದಿಯ ಮೋಡವಷ್ಟೇ ಕಂಡಿತು. ಸೂರ್ಯಾಸ್ತವಾದ ಮೇಲಾದರೋ, ಕೆಂಪು ಲಾವಾರಸವು ಕಾರಂಜಿಯಂತೆ ಚಿಮ್ಮುವುದೂ ಇಳಿಜಾರಿನಲ್ಲಿ ಹರಿಯುವುದೂ ಗೋಚರಿಸಿದವು.

ಈ ವ್ಯತ್ಯಾಸಕ್ಕೆ ಕಾರಣವೇನು? ಕಮ್ಮಾರನ ಕುಲುಮೆಯನ್ನು ನೆನೆಯಿರಿ. ಕಾದ ಕಬ್ಬಿಣದ ಬಣ್ಣವನ್ನು ಅವನು ನೆರಳಿನಲ್ಲಿಟ್ಟು ನೋಡುತ್ತಾನೆ. ಬಿಸಿಲಿನಲ್ಲಿ ಆ ಕೆಂಪು ಅಡಗಿಹೋಗುತ್ತದೆ. ಲಾವಾರಸದ ಶಾಖ ಸುಮಾರು 1,100 ಡಿಗ್ರಿ ಸೆಂಟಿಗ್ರೇಡ್ ಇದ್ದರೂ, ಹರಿಯುತ್ತಿದ್ದಂತೆ ಅದರ ಮೇಲ್ಮೈ ಬೇಗನೆ ಆರಿ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಬಿರುಕುಗಳಲ್ಲಿ ಮಾತ್ರ ಉಳಿಯುವ ಹೊಳಪನ್ನು ಕಾಣಲು ಕತ್ತಲೆಯೇ ಬೇಕು. ಇಟಲಿಯ ಸ್ಟ್ರಾಂಬೋಲಿ ಗಿರಿಯನ್ನು ನಾವಿಕರು ‘ಮೆಡಿಟರೇನಿಯನ್ನಿನ ದೀಪಸ್ತಂಭ’ವೆಂದು ಕರೆದುದು ಈ ಇರುಳಿನ ಬೆಳಕಿನಿಂದಲೇ.

ಈ ಅಗ್ನಿಯ ಮೂಲವಾದರೂ ಯಾವುದು? ಭಾರತವನ್ನು ಹೊತ್ತ ಭೂಫಲಕವು ಅಂಡಮಾನಿನ ಬಳಿ ಪೂರ್ವದ ಫಲಕದ ಕೆಳಗೆ ಜಾರುತ್ತಿದೆ. ಆಳಕ್ಕಿಳಿದಂತೆ ಅದರಲ್ಲಿ ಅಡಗಿದ್ದ ನೀರು ಹೊರಬಿದ್ದು, ಮೇಲಿನ ಶಿಲೆಯ ಕರಗುವ ಬಿಂದುವನ್ನು ತಗ್ಗಿಸುತ್ತದೆ. ಹಾಗೆ ಕರಗಿದ ಶಿಲೆಯೇ ಮೇಲಕ್ಕೇರಿ ಚಿಮ್ಮುವುದು.

ಪ್ರವಾಸಿಯು ಮರೆಯಬಾರದ ಸಂಗತಿಯೊಂದುಂಟು: ಇರುಳಿನ ಸೊಬಗು ಅಪಾಯವನ್ನು ಕುಗ್ಗಿಸುವುದಿಲ್ಲ. ನ್ಯೂಜಿಲೆಂಡಿನ ವೈಟ್ ಐಲೆಂಡಿನಲ್ಲಿ 2019ರ ಡಿಸೆಂಬರ್ 9ರಂದು, ಹಾಡುಹಗಲಿನಲ್ಲೇ, ಹಠಾತ್ತನೆ ಸಂಭವಿಸಿದ ಸ್ಫೋಟಕ್ಕೆ 22 ಜನ ಬಲಿಯಾದರು. ಹಗಲಿನಲ್ಲೇ ಹೀಗಾದರೆ, ಬೀಳುವ ಕಲ್ಲೂ ಹಬ್ಬುವ ವಿಷಾನಿಲವೂ ಕಣ್ಣಿಗೆ ಬೀಳದ ಕತ್ತಲೆಯಲ್ಲಿ ಎಚ್ಚರವು ಇಮ್ಮಡಿಯಾಗಬೇಕು. ಬ್ಯಾರನ್ ದ್ವೀಪದಲ್ಲಿ ಸಾಮಾನ್ಯ ಪ್ರವಾಸಿಗೆ ಇಳಿಯುವ ಅವಕಾಶವಿಲ್ಲ, ಹಡಗಿನಿಂದಲೇ ನೋಡಬೇಕು. ಇದನ್ನು ಕೊರತೆಯೆಂದು ಭಾವಿಸಲಾಗದು. ದೂರದಲ್ಲಿ ನಿಂತುದರಿಂದಲೇ ವಿಜ್ಞಾನಿಗಳಿಗೂ ನೋಡಿ ಬರೆದಿಡಲು ಸಾಧ್ಯವಾಯಿತು.

ಎಲ್ಲ ವಿದ್ಯಾರ್ಥಿಗಳನ್ನೂ ಅಂಡಮಾನಿಗೆ ಕರೆದೊಯ್ಯಲಾಗದು, ನಿಜ. ಆದರೆ ಆರಿದ ಅಗ್ನಿಯ ಕುರುಹುಗಳು ನಮ್ಮ ನಾಡಿನಲ್ಲೇ ಇವೆ. ಮಲ್ಪೆಯ ಸಮೀಪದ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸವು ತಣಿಯುತ್ತ ಬಿರಿದು ಮೂಡಿದವು. ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾಪ್ರವಾಹದ್ದು; ಜೋಳವನ್ನೂ ಹತ್ತಿಯನ್ನೂ ಬೆಳೆಯುವ ಅಲ್ಲಿನ ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಶಾಲೆಯ ಶೈಕ್ಷಣಿಕ ಪ್ರವಾಸಗಳಲ್ಲಿ ಇಂತಹ ಸ್ಥಳಗಳಿಗೆ ಅವಕಾಶ ದೊರೆತರೆ, ಅದಕ್ಕೆ ದಾನಿಗಳ ನೆರವೂ ಒದಗಿದರೆ, ಮಕ್ಕಳು ಭೂಗೋಳವನ್ನು ಕೈಯಿಂದ ಮುಟ್ಟಿ ಕಲಿತಾರು. ಅವರಲ್ಲೊಬ್ಬರು ಮುಂದೊಂದು ದಿನ ಸಂಶೋಧನಾ ನೌಕೆಯನ್ನೇರಿ ಬ್ಯಾರನ್ ದ್ವೀಪದ ಇರುಳನ್ನು ಕಾಣಲೂಬಹುದು.