ಹಳೆಯ ಎಂಜಿನ್ನಿಗೆ ಹೊಸ ಸೈಲೆನ್ಸರ್ ಬೇಕೆ?

ಭೀಮೆಯ ದಂಡೆಗುಂಟ ಇಂಡಿ ತಾಲೂಕಿನ ಹೊಲಗಳಲ್ಲಿ ಆಯಿಲ್ ಎಂಜಿನ್ನಿನ ಸಪ್ಪಳ ಮೊದಲಿನಷ್ಟು ಈಗ ಕೇಳುವುದಿಲ್ಲ. ವಿದ್ಯುತ್ ಪಂಪು ಬಂದ ಮೇಲೆ ಅದು ಮೂಲೆ ಸೇರಿದೆ. ಆದರೂ ಅದನ್ನು ಮೋಡಕಾದವನಿಗೆ ಮಾರಲು ಮನಸ್ಸಾಗದವರು ಅನೇಕರು. ಬೇಸಗೆಯಲ್ಲಿ ಕರೆಂಟು ಕೈಕೊಟ್ಟು ಲಿಂಬಿಯ ಗಿಡ ಬಾಡತೊಡಗಿದಾಗ ನೆನಪಾಗುವುದು ಅದೇ ಎಂಜಿನ್ನು. ತಾಡಪತ್ರಿ ಸರಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತುಕ್ಕು ತಿಂದ ಸೈಲೆನ್ಸರ್. ಬದಲಿಸಬೇಕೆಂದು ಫಿಟರನು ಹೇಳುತ್ತಾನೆ. ಸಪ್ಪಳವಾದರೇನು, ನೀರು ಬಂದರೆ ಸಾಕೆಂದು ಮನೆಯ ಹಿರಿಯರು ಹೇಳುತ್ತಾರೆ. ಊರಲ್ಲಿದ್ದು ಹೊಲವನ್ನು ಪಾಲಿಗೆ ಹಾಕಿದವರಿಗೂ, ಅಂಗಡಿಯ ಹಿಂದೆ ಜನರೇಟರ್ ಇಟ್ಟುಕೊಂಡವರಿಗೂ ಈ ಪ್ರಶ್ನೆ ಒಮ್ಮೆಯಾದರೂ ಎದುರಾಗುವಂಥದು.

ಸೈಲೆನ್ಸರ್ ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡೋಣ. ಸಿಲಿಂಡರಿನಲ್ಲಿ ಎಣ್ಣೆ ಉರಿದು ಕೆಲಸ ತೀರಿದ ಮೇಲೂ ಹೊಗೆಯಲ್ಲಿ ಒತ್ತಡ ಉಳಿದಿರುತ್ತದೆ. ಕವಾಟ ತೆರೆದ ಕೂಡಲೆ ಅದು ಹೊರಗಿನ ಗಾಳಿಯನ್ನು ಗುದ್ದುತ್ತದೆ. ಆ ಗುದ್ದೇ ನಮಗೆ ಕೇಳುವ ಸಪ್ಪಳ. ನಿಮಿಷಕ್ಕೆ 650 ಸುತ್ತು ತಿರುಗುವ, ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಹೊಗೆ ಬಿಡುತ್ತದೆ. ಅಂದರೆ ನಿಮಿಷಕ್ಕೆ 325 ಗುದ್ದು, ಸೆಕೆಂಡಿಗೆ ಐದಾರು. ಅದರ ‘ಡಗ್ ಡಗ್’ ಬಿಡಿಬಿಡಿಯಾಗಿ ಕಿವಿಗೆ ಬೀಳುವುದು ಇದರಿಂದಲೇ. 1500 ಸುತ್ತಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ಹನ್ನೆರಡಕ್ಕೂ ಮೇಲ್ಪಟ್ಟ ಗುದ್ದುಗಳು ಒಂದಕ್ಕೊಂದು ಹೊಂದಿ ಗದ್ದಲವಾಗುತ್ತವೆ. ಸೈಲೆನ್ಸರಿನ ಡಬ್ಬಿಯು ಈ ಹೊಗೆಗೆ ಹರಡಿಕೊಳ್ಳಲು ಜಾಗ ಕೊಟ್ಟು, ಒಳಗಿನ ತಡೆಗಳ ಹಾಗೂ ತೂತುಗಳ ಮೂಲಕ ಹಾಯಿಸಿ, ಗುದ್ದನ್ನು ಮೆತ್ತಗೆ ಮಾಡುತ್ತದೆ. ಜೊತೆಗೆ ಹೊಗೆಯನ್ನು ನಾವು ಹೇಳಿದ ಕಡೆಗೆ ಒಯ್ಯುತ್ತದೆ. ಈ ಎರಡನೆಯ ಕೆಲಸವನ್ನು ಜನ ಮರೆಯುತ್ತಾರೆ.

ಇನ್ನು ತುಕ್ಕಿನ ಮಾತು. ಅದು ಹೊರಗಿನ ಮಳೆಯಿಂದ ಬಂತೆಂದು ನೀವು ತಿಳಿದಿರಬಹುದು. ಹೆಚ್ಚಿನ ಪಾಲು ಬರುವುದು ಒಳಗಿನಿಂದ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆಂದರೆ ನಂಬುವುದು ಕಷ್ಟ, ಆದರೆ ನಿಜ. ಎಣ್ಣೆಯಲ್ಲಿಯ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ಆವಿಯಾಗಿ ಹೊರಡುತ್ತದೆ. ಎಂಜಿನ್ನು ತಾಸುಗಟ್ಟಲೆ ನಡೆದರೆ ಡಬ್ಬಿ ಕಾದು ಆವಿ ಹಾರಿಹೋಗುತ್ತದೆ. ಪರೀಕ್ಷೆಗೆಂದು ಐದು ನಿಮಿಷ ತಿರುಗಿಸಿ ನಿಲ್ಲಿಸಿದರೆ ಅದು ಅಲ್ಲಿಯೇ ತಣಿದು ಡಬ್ಬಿಯ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಹಿಂದಿನ ಡೀಸೆಲ್ಲಿನಲ್ಲಿ ಗಂಧಕವೂ ಬಹಳವಿದ್ದು, ಈ ನೀರು ಹುಳಿಯಾಗಿ ತಗಡನ್ನು ತಿನ್ನುತ್ತಿತ್ತು. 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಮಾರುವ ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ಹತ್ತು ಪಾಲು. ಆ ಕಾಟ ತಗ್ಗಿದೆ, ನೀರಿನದು ತಗ್ಗಿಲ್ಲ. ದುಡಿಯುವ ಎಂಜಿನ್ನಿಗಿಂತ ಕೂತ ಎಂಜಿನ್ನಿನ ಸೈಲೆನ್ಸರ್ ಬೇಗ ಕೆಡುವುದು ಹೀಗೆ. ಕಡಲಿನ ಹಾಯಿದೋಣಿಗೆ ಕೂಡಿಸಿದ ಸಣ್ಣ ಎಂಜಿನ್ನಿನ ಪಾಡು ಇನ್ನೂ ಕಠಿಣ. ಅಲ್ಲಿ ಎಂಜಿನ್ನನ್ನು ತಣಿಸಿ ಬಂದ ಉಪ್ಪುನೀರನ್ನೇ ಬಹಳ ಸಲ ಹೊಗೆಯೊಳಗೆ ಬಿಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಬಯಲುಸೀಮೆಯ ಸೈಲೆನ್ಸರ್ ಸುಖಿ.

ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ತಣ್ಣಗಿರುವಾಗ ಡಬ್ಬಿಯ ತಳಭಾಗವನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿರಿ. ಒಳಗೆ ಇಳಿದರೆ ತಗಡು ಮುಗಿದಿದೆ. ಅಂಥ ತಗಡಿಗೆ ವೆಲ್ಡಿಂಗ್ ಮಾಡಿಸುವುದು ಹರಿದ ಅರಿವೆಗೆ ಹರಿದದ್ದರಿಂದಲೇ ತೇಪೆ ಹಚ್ಚಿದಂತೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಎರಡು ಬೀಳುತ್ತವೆ. ತಗಡು ಗಟ್ಟಿಯಿದ್ದು ಒಂದೇ ಕಡೆ ಒಡೆದಿದ್ದರೆ ವೆಲ್ಡಿಂಗ್ ಸಾಕು. ಹಳೆಯ ಎಂಜಿನ್ನುಗಳಿಗೆ ಎರಕದ ಗಡಿಗೆಯಂಥ ಸೈಲೆನ್ಸರ್ ಇರುವುದುಂಟು. ಅದಕ್ಕೆ ತುಕ್ಕಿನ ಭಯ ಕಡಿಮೆ, ಬಿರುಕಿನ ಭಯ ಹೆಚ್ಚು. ಎರಕಕ್ಕೆ ವೆಲ್ಡಿಂಗ್ ಎಲ್ಲರ ಕೈಗೆ ಒಗ್ಗುವ ಕೆಲಸವಲ್ಲ.

ತೂತಿಲ್ಲದ ಸೈಲೆನ್ಸರೂ ಕೆಟ್ಟಿರಬಹುದು. ಒಳಗೆ ಮಸಿ ಕಟ್ಟಿದರೆ ಹೊಗೆ ಸಲೀಸಾಗಿ ಹೋಗಲಾರದು. ಸುಟ್ಟ ಗಾಳಿ ಸಿಲಿಂಡರಿನಲ್ಲಿಯೇ ಉಳಿದು ಹೊಸ ಗಾಳಿಗೆ ಎಡೆ ಕೊಡುವುದಿಲ್ಲ. ಆಗ ಎಂಜಿನ್ನು ಕರಿ ಹೊಗೆ ಬಿಡುತ್ತದೆ, ಅತಿಯಾಗಿ ಕಾಯುತ್ತದೆ, ಎಣ್ಣೆ ಹೆಚ್ಚು ಕುಡಿದು ನೀರು ಕಡಿಮೆ ಎತ್ತುತ್ತದೆ. ಬಯಲಿನಲ್ಲಿ ಸೈಲೆನ್ಸರ್ ತೆಗೆದು ಕೆಲವು ನಿಮಿಷ ನಡೆಸಿ ನೋಡಿರಿ. ಹೊಗೆ ತಿಳಿಯಾಗಿ ನೀರು ಹೆಚ್ಚಿದರೆ ದೋಷ ಸೈಲೆನ್ಸರಿನದೇ. ಹೊಗೆ ಹಾಗೆಯೇ ಇದ್ದರೆ ಇಂಜೆಕ್ಟರನ್ನೋ ಗಾಳಿಯ ಫಿಲ್ಟರನ್ನೋ ನೋಡಿಸಬೇಕು. ಸೈಲೆನ್ಸರಿಗೆ ಸುರಿದ ಹಣ ವ್ಯರ್ಥ.

ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ನಿಮ್ಮ ಎಂಜಿನ್ನು ಎಲ್ಲಿ ಕೂತಿದೆ? ನದಿಯ ದಂಡೆಯಲ್ಲಿ ಬಯಲಿಗಿದ್ದರೆ ತೂತಿನ ಸೈಲೆನ್ಸರಿನಿಂದ ಕಿವಿಗೆ ತ್ರಾಸು, ನೆರೆಯವರ ನಿದ್ದೆಗೆ ಕೇಡು. ಸುಗ್ಗಿಯ ಹಣ ಬರುವವರೆಗೆ ತಡೆದರೂ ನಡೆದೀತು. ಬಾವಿಯೊಳಗಿದ್ದರೆ ಒಂದು ದಿನವೂ ತಡೆಯಬಾರದು.

ಬಾವಿಯೊಳಗೆ ಎಂಜಿನ್ನು ಏಕೆ ಇಳಿಯುತ್ತದೆಂದರೆ, ಪಂಪು ನೀರನ್ನು ಹೀರುವ ಎತ್ತರಕ್ಕೆ ಮಿತಿಯಿದೆ. ವಾಯುಭಾರ ಎತ್ತಬಲ್ಲದ್ದು ಲೆಕ್ಕದಲ್ಲಿ ಸುಮಾರು 10 ಮೀಟರು, ವ್ಯವಹಾರದಲ್ಲಿ ಆರೇಳು. ನೀರು ಅದಕ್ಕಿಂತ ಆಳಕ್ಕೆ ಸರಿದಾಗ ಬಾವಿಯ ಗೋಡೆಯಲ್ಲಿ ಕಟ್ಟೆ ಕೊರೆದು ಎಂಜಿನ್ನನ್ನು ಅಲ್ಲಿ ಕೂಡಿಸುತ್ತಾರೆ. ಅಲ್ಲಿ ಗಾಳಿಯ ಸುಳಿದಾಟವಿಲ್ಲ. ಎಂಜಿನ್ನು ಆಮ್ಲಜನಕವನ್ನು ತಿನ್ನುತ್ತದೆ, ಇಂಗಾಲದ ಡೈ ಆಕ್ಸೈಡನ್ನು ತಳಕ್ಕೆ ತುಂಬುತ್ತದೆ. ಅದರ ಜೊತೆಗೆ ಇಂಗಾಲದ ಮೊನಾಕ್ಸೈಡ್ ಬೇರೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ಕಣಗಳು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಇದನ್ನು ಅಪ್ಪಿಕೊಳ್ಳುತ್ತವೆ. ತಲೆನೋವು, ವಾಂತಿ ಬಂದಂತಾಗುವುದು, ಕಾಲಿನ ಬಲ ಕುಂದುವುದು ಇದರ ಕುರುಹು. ಕಾಲಿನ ಬಲ ಕುಂದಿದವನು ಬಾವಿಯ ಮೆಟ್ಟಿಲು ಹೇಗೆ ಏರಬೇಕು? ಡೀಸೆಲ್ಲಿಗಿಂತ ಪೆಟ್ರೋಲ್ ಹಾಗೂ ಸೀಮೆಎಣ್ಣೆಯ ಎಂಜಿನ್ನುಗಳು ಈ ವಿಷವನ್ನು ಬಹಳ ಹೆಚ್ಚು ಉಗುಳುತ್ತವೆ. ಅಂಗಡಿಯ ಹಿಂದಿನ ಸಣ್ಣ ಜನರೇಟರ್ ಬಹುಶಃ ಈ ಜಾತಿಯದೇ. ಅದನ್ನು ಮುಚ್ಚಿದ ಕೋಣೆಯಲ್ಲಿ, ಕಿಟಕಿ ತೆರೆದಿಟ್ಟಾದರೂ, ನಡೆಸಲೇಬಾರದು.

ಕಂದೀಲು ಇಳಿಬಿಟ್ಟು ಅದು ಉರಿದರೆ ಬಾವಿ ಸುರಕ್ಷಿತವೆಂದು ತಿಳಿಯುವ ಪದ್ಧತಿಯೊಂದಿದೆ. ದೀಪ ಆರಿದರೆ ಆಮ್ಲಜನಕ ಕಡಿಮೆಯೆಂಬುದು ನಿಶ್ಚಯ. ಆದರೆ ದೀಪ ಉರಿಯುತ್ತಿದ್ದ ಮಾತ್ರಕ್ಕೆ ಮೊನಾಕ್ಸೈಡ್ ಇಲ್ಲವೆಂದಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಇದ್ದಾಗಲೂ ದೀಪ ಉರಿಯುತ್ತಲೇ ಇರುತ್ತದೆ. ಒಳಗೆ ಯಾರಾದರೂ ಬಿದ್ದರೆ ಅವರನ್ನು ತರಲು ಹಾಗೆಯೇ ಇಳಿಯಬೇಡಿರಿ. ಇಂಥ ಅಪಘಾತಗಳಲ್ಲಿ ಮೊದಲು ಬಿದ್ದವನ ಹಿಂದೆ ಇಳಿದವರೂ ಸಾಯುತ್ತಾರೆ. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿರಿ.

ಆದುದರಿಂದ ಬಾವಿಯ ಎಂಜಿನ್ನಿಗೆ ಸೈಲೆನ್ಸರ್ ಮಾತ್ರವಲ್ಲ, ಹೊಗೆಯನ್ನು ಬಾವಿಯ ಬಾಯಿಂದ ದೂರ ಒಯ್ಯುವ ಇಡೀ ಕೊಳವೆ ಗಟ್ಟಿಯಿರಬೇಕು. ಜೋಡಣೆಗಳ ಸುತ್ತ ಮಸಿಯ ಗೆರೆ ಕಂಡರೆ ಅಲ್ಲಿ ಸೋರಿಕೆಯಿದೆ. ಉದ್ದ ಕೊಳವೆ ಹಾಕುವಾಗ ಸೈಲೆನ್ಸರಿನ ಬಾಯಿಗಿಂತ ದಪ್ಪನೆಯದನ್ನೇ ಹಾಕಿಸಿರಿ, ತಿರುವು ಆದಷ್ಟು ಕಡಿಮೆಯಿರಲಿ. ಅದರ ಭಾರವನ್ನು ಗೋಡೆಯ ಮೊಳೆಗಳು ಹೊರಬೇಕು, ಎಂಜಿನ್ನಿನ ತಲೆಯಲ್ಲ. ಇಷ್ಟು ಮಾಡಿದರೂ, ಎಂಜಿನ್ನನ್ನು ಮೇಲಕ್ಕೆ ತಂದು ಕೆಳಗೆ ಮುಳುಗುವ ವಿದ್ಯುತ್ ಪಂಪು ಇಡಲು ಸಾಧ್ಯವಿದ್ದರೆ ಅದೇ ಮೇಲೆಂದು ನನ್ನ ಮತ.

ಬದಲಿಸಲು ನಿಶ್ಚಯಿಸಿದಿರಾದರೆ ಹಿಂದಿನ ರಾತ್ರಿಯೇ ನಟ್ಟುಗಳಿಗೆ ಸೀಮೆಎಣ್ಣೆ ಇಲ್ಲವೆ ತುಕ್ಕು ಬಿಡಿಸುವ ಎಣ್ಣೆ ಹನಿಸಿಡಿರಿ. ಅವಸರದಿಂದ ಪಾನಾ ಹಾಕಿ ತಿರುವಿದರೆ ತಲೆಯೊಳಗಿನ ಸ್ಟಡ್ ಮುರಿದು, ಸೈಲೆನ್ಸರಿಗಿಂತ ಹೆಚ್ಚಿನ ಖರ್ಚು ಮೈಮೇಲೆ ಬರುತ್ತದೆ. ಹಳೆಯ ಕೊಳವೆಗೆ ಸುತ್ತಿದ ಬಿಳಿಯ ಹಗ್ಗ, ಜೋಡಣೆಯ ವಾಶರು ಕಲ್ನಾರಿನದಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವಂಥದು. ಒಣಗಿದ್ದಾಗ ಕೆರೆಯದೆ, ನೀರಿನಿಂದ ನೆನೆಸಿ ತೆಗೆದು, ಚೀಲದಲ್ಲಿ ಕಟ್ಟಿಡಿರಿ. ಹೊಸ ವಾಶರು ಕಲ್ನಾರಿಲ್ಲದ್ದು ಇರಲಿ.

ಕೊನೆಗೆ ಕೊಳವೆಯ ಬಾಯಿಯನ್ನು ಓರೆ ಬಾಗಿಸಿ, ಇಲ್ಲವೆ ಮೇಲೊಂದು ಮುಚ್ಚಳ ಹಾಕಿಸಿರಿ. ನೆಟ್ಟಗೆ ನಿಂತ ಬರಿ ಬಾಯಿಗೆ ಮುಂಗಾರಿನ ಮಳೆ ಸುರಿದರೆ, ಕವಾಟ ತೆರೆದಿದ್ದ ವೇಳೆ ನೀರು ಸಿಲಿಂಡರಿಗೇ ಇಳಿಯುತ್ತದೆ. ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲವಾದ್ದರಿಂದ, ಹಾಗೆಯೇ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡು ಬಾಗೀತು. ಬಹಳ ದಿನ ಕೂತ ಎಂಜಿನ್ನನ್ನು ಡಿಕಂಪ್ರೆಶನ್ ಹಿಡಿಕೆ ಎತ್ತಿ, ಡೀಸೆಲ್ ಬಂದ್ ಮಾಡಿ, ಕೈಯಿಂದ ನಿಧಾನವಾಗಿ ನಾಲ್ಕಾರು ಸುತ್ತು ತಿರುವಿ, ನೀರು ಬರಲಿಲ್ಲವೆಂದು ಕಂಡ ಮೇಲೆ ಹ್ಯಾಂಡಲ್ ಹೊಡೆಯಿರಿ.